ಬೋಲಿಂಗ್‌ಬ್ರೋಕ್‌ನನ್ನೂ ನೆನೆಯಬೇಕಿತ್ತು

ಶೇಕ್ಸ್‌ಪಿಯರ್ ನಾಟಕಗಳ ಅಧಿಕಾರದಾಸೆಯ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಅಧಿಕಾರದಾಸೆ ಎಂದರೆ ರಾಜನನ್ನು ಕೊಂದು ಪಟ್ಟವೇರುವ ಮ್ಯಾಕ್‌ಬೆತ್ ಒಬ್ಬನೇ ಎಂಬಂತೆ ಬರೆದಿದ್ದೀರಿ. ನನಗೆ ಅವನಿಗಿಂತ ಜಾಸ್ತಿ ಭಯ ಹುಟ್ಟಿಸುವವನು ‘ಎರಡನೇ ರಿಚರ್ಡ್’ ನಾಟಕದ ಬೋಲಿಂಗ್‌ಬ್ರೋಕ್. ಅವನ ಅಪ್ಪ ಸತ್ತ ಕೂಡಲೇ ರಾಜ ರಿಚರ್ಡ್ ಐರ್ಲೆಂಡ್ ಯುದ್ಧದ ಖರ್ಚಿಗೆಂದು ಆಸ್ತಿಯನ್ನೆಲ್ಲ ಕಿತ್ತುಕೊಳ್ಳುತ್ತಾನೆ. ಗಡೀಪಾರಾಗಿದ್ದ ಮಗ ಸೈನ್ಯ ಕಟ್ಟಿಕೊಂಡು ಬರುತ್ತಾನೆ. ನನ್ನ ಪಾಲು ಕೊಟ್ಟರೆ ಸಾಕು ಅನ್ನುತ್ತಾನೆ. ಕಿರೀಟದ ಮಾತೇ ಎತ್ತುವುದಿಲ್ಲ. ಮ್ಯಾಕ್‌ಬೆತ್‌ನ ಕಥೆಯಂತೆ ಇಲ್ಲಿ ಮಾಟಗಾತಿಯರಿಲ್ಲ, ನಡುರಾತ್ರಿಯ ಕಠಾರಿ ಇಲ್ಲ. ಸಾಮಂತರು ಒಬ್ಬೊಬ್ಬರಾಗಿ ಅವನ ಕಡೆ ಸರಿಯುತ್ತಾರೆ, ಕೊನೆಗೆ ಕಿರೀಟವೂ ಅವನದಾಗುತ್ತದೆ, ಅಷ್ಟೇ. ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಎಷ್ಟೋ ಸಲ ಹೀಗೇ ಅಲ್ವಾ?

ರಿಚರ್ಡ್ ಕಿರೀಟ ಬಿಟ್ಟುಕೊಡುವ ದೃಶ್ಯ 1597ರ ಮೊದಲ ಮುದ್ರಣದಲ್ಲಿ ಇಲ್ಲ. ಎಲಿಜಬೆತ್ ರಾಣಿ ತೀರಿಕೊಂಡ ಮೇಲೆ, 1608ರಲ್ಲಷ್ಟೇ ಅದು ಅಚ್ಚಾಯಿತು. ಅದಕ್ಕೂ ಮೊದಲು, 1601ರ ಫೆಬ್ರವರಿ 7ರಂದು, ಅರ್ಲ್ ಆಫ್ ಎಸೆಕ್ಸ್ ಎಂಬ ಸಾಮಂತನ ಬೆಂಬಲಿಗರು ನಟರಿಗೆ 40 ಶಿಲ್ಲಿಂಗ್ ಹೆಚ್ಚಿಗೆ ಕೊಟ್ಟು ರಿಚರ್ಡನ ಪತನದ ನಾಟಕ ಆಡಿಸಿದರು. ಅದು ಇದೇ ನಾಟಕ ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಮರುದಿನವೇ ರಾಣಿಯ ಆಡಳಿತದ ವಿರುದ್ಧ ಎಸೆಕ್ಸ್‌ನ ದಂಗೆ. ಅದು ಸೋತಿತು, ಅವನ ತಲೆ ಹೋಯಿತು. ನಟರಿಗೆ ಶಿಕ್ಷೆಯಾಗಲಿಲ್ಲ. ಮುಂದಿನ ಲೇಖನಕ್ಕೆ ದಯವಿಟ್ಟು ಈ ನಾಟಕವನ್ನೇ ತೆಗೆದುಕೊಳ್ಳಿ.