ರೇಸ್ ಕಾರು ಓಡಬೇಕು, ಅಷ್ಟೇ

ಹಳೇ ರೇಸ್ ಕಾರಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, ಅಷ್ಟು ಕೋಟಿ ಬೆಲೆಯ ಗಾಡಿಯನ್ನು ಮ್ಯೂಸಿಯಂನಲ್ಲಿ ಜೋಪಾನವಾಗಿ ಇಡೋದು ಬಿಟ್ಟು ಟ್ರ್ಯಾಕಿಗೆ ಯಾಕೆ ಇಳಿಸಬೇಕು ಅಂತ. ಇಳಿಸಲೇಬೇಕು. ಸುಮ್ನೆ ನಿಂತ ಎಂಜಿನ್ನಿನಲ್ಲಿ ರಬ್ಬರ್ ಸೀಲು ಒಣಗುತ್ತದೆ, ಪೆಟ್ರೋಲ್ ಅಂಟು ಕಟ್ಟುತ್ತದೆ. ಅದಕ್ಕಿಂತ ಮೊದಲು ಅದನ್ನು ಓಡಿಸೋದು, ರಿಪೇರಿ ಮಾಡೋದು ಗೊತ್ತಿದ್ದವರೇ ಇಲ್ಲವಾಗುತ್ತಾರೆ.

ಇಂಗ್ಲೆಂಡಿನ ಗುಡ್‌ವುಡ್ ನೋಡಿ. ಎರಡನೇ ಮಹಾಯುದ್ಧದಲ್ಲಿ ಅದು ಫೈಟರ್ ವಿಮಾನಗಳ ನೆಲೆ. ಅದರ ಸುತ್ತಲಿನ ರಸ್ತೆಯೇ 1948ರಲ್ಲಿ ರೇಸ್ ಟ್ರ್ಯಾಕ್ ಆಯಿತು. 1962ರಲ್ಲಿ ಬ್ರಿಟನ್ನಿನ ಹೆಸರಾಂತ ರೇಸ್ ಡ್ರೈವರ್ ಸ್ಟರ್ಲಿಂಗ್ ಮಾಸ್ ಅಪಘಾತವಾಗಿ ದೊಡ್ಡ ರೇಸಿಂಗ್ ಬಿಡಬೇಕಾಗಿ ಬಂದದ್ದೂ ಇಲ್ಲೇ. 1966ರಲ್ಲಿ ರೇಸ್ ನಿಂತಿತು, 1998ರಲ್ಲಿ 'ರಿವೈವಲ್' ಅಂತ ಮತ್ತೆ ಶುರುವಾಯಿತು. ಜನ ಆ ಕಾಲದ ಬಟ್ಟೆ ಹಾಕಿಕೊಂಡು ಬರುತ್ತಾರೆ. ಆದರೆ ಟ್ರ್ಯಾಕ್ ಮೇಲೆ ನಡೆಯೋದು ಮೆರವಣಿಗೆಯಲ್ಲ, ಜಿದ್ದಿನ ರೇಸು. ಒಟ್ಟು 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ ಕೂಡ ಅಲ್ಲಿ ಕೋಬ್ರಾ, ಜಾಗ್ವಾರ್‌ಗಳ ಜೊತೆ ಪೈಪೋಟಿಗೆ ಇಳಿದಿದೆ.

ನನಗೆ ರೇಸಿಗಿಂತ ಪ್ಯಾಡಕ್, ಅಂದ್ರೆ ರೇಸಿಗೆ ಮುಂಚೆ ಕಾರುಗಳನ್ನು ಸಜ್ಜು ಮಾಡೋ ಜಾಗ, ಜಾಸ್ತಿ ಇಷ್ಟ. ಕೆಲವು ಹಳೇ ಎಂಜಿನ್ನುಗಳನ್ನು ಒಂದು ಸೆಟ್ ಸ್ಪಾರ್ಕ್ ಪ್ಲಗ್ ಹಾಕಿ ನಿಧಾನಕ್ಕೆ ಬಿಸಿ ಮಾಡಿ, ಆಮೇಲೆ ಅವನ್ನೆಲ್ಲ ಬಿಚ್ಚಿ ರೇಸಿನ ಪ್ಲಗ್ ಕೂರಿಸಬೇಕು, ಇಲ್ಲಾಂದ್ರೆ ಎಣ್ಣೆ ಹತ್ತಿ ಕೈಕೊಡುತ್ತದೆ. ಟ್ರ್ಯಾಕಿನಲ್ಲಿ ಆ ಸಣ್ಣ ಟೈರುಗಳು ತಿರುವಿನ ಉದ್ದಕ್ಕೂ ಜಾರುತ್ತಲೇ ಇರುತ್ತವೆ, ಡ್ರೈವರ್ ಸ್ಟೀರಿಂಗನ್ನು ಉಲ್ಟಾ ತಿರುಗಿಸಿ ಗಾಡಿ ಹಿಡಿಯುತ್ತಾನೆ. ಗಾಜಿನ ಆಚೆ ನಿಂತ ಕಾರು ಇದನ್ನು ತೋರಿಸುತ್ತದಾ?

ಗುದ್ದಿದರೆ ಹಳೇ ತಗಡು ಹೋಗಿ ಹೊಸದು ಬರುತ್ತದೆ, ಅಸಲಿತನ ಕಮ್ಮಿಯಾಗುತ್ತದೆ, ನಿಜ. ಹೊಟ್ಟೆ ಉರಿಯುತ್ತದೆ. ಆದರೆ ಆ ಕಾರುಗಳು ತಮ್ಮ ಕಾಲದಲ್ಲೂ ಗುದ್ದಿಸಿಕೊಂಡು, ಬಡಿಸಿಕೊಂಡು, ಮತ್ತೆ ಭಾನುವಾರ ರೇಸಿಗೆ ಬಂದವೇ ಅಲ್ವಾ?

ನಮ್ಮಲ್ಲೂ ಚೆನ್ನೈ ಹತ್ತಿರ ಶೋಲಾವರಂ ಅನ್ನೋ ರೇಸ್ ಟ್ರ್ಯಾಕ್ ಇತ್ತು. ಅದೂ ಯುದ್ಧಕಾಲದ ಏರ್‌ಸ್ಟ್ರಿಪ್ಪೇ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ಫಿಯೆಟ್, ಹೆರಾಲ್ಡ್‌ಗಳನ್ನು ಕೈಯಾರೆ ಮಾರ್ಪಾಡು ಮಾಡಿ ತಂದವರು ಅಲ್ಲಿ ಓಡಿಸಿದರು, ನಮ್ಮ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ಇಳಿಸಿದರು. ಆಮೇಲೆ ಇರುಂಗಾಟ್ಟುಕೋಟ್ಟೈಯಲ್ಲಿ ಹೊಸ ಟ್ರ್ಯಾಕ್ ಬಂತು, ಶೋಲಾವರಂ ಹಿಂದೆ ಬಿತ್ತು. ನಮ್ಮ ವಿಂಟೇಜ್ ಕಾರ್ ರ‍್ಯಾಲಿಗಳಲ್ಲಿ ರೋಲ್ಸ್ ರಾಯ್ಸ್‌ಗೆ ಹೂವಿನ ಹಾರ ಹಾಕುತ್ತಾರೆ, ಒಳ್ಳೆಯದೇ. ಪಕ್ಕದಲ್ಲೇ ಒಂದು ಶೋಲಾವರಂ ಫಿಯೆಟ್ಟಿಗೂ ಜಾಗ ಕೊಡಿ, ಸ್ಟಾರ್ಟ್ ಮಾಡಿ, ಸದ್ದು ಕೇಳಿಸಿ. ಆ ಕಾಲದಲ್ಲಿ ಆ ಕಾರುಗಳನ್ನು ಟ್ಯೂನ್ ಮಾಡಿದ ಮೆಕ್ಯಾನಿಕ್‌ಗಳು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ದಯವಿಟ್ಟು ಈಗಲೇ ಮಾತಾಡಿಸಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.