ಸರೀಕರು ಬಂದರು, ದಾರಿ ಬಿಡಿ

ನಮ್ಮ ಕಾಲೇಜಿನಲ್ಲಿ ಒಂದು ಕೋಣೆ ಇದೆ. ಬಾಗಿಲ ಮೇಲೆ ‘ವಿದ್ಯಾರ್ಥಿ ಬೆಂಬಲ ಕೇಂದ್ರ’ ಅಂತ ಬೋರ್ಡು. ಒಳಗೆ ಮುರಿದ ಬೆಂಚುಗಳು, ಹಳೇ ಉತ್ತರ ಪತ್ರಿಕೆಯ ಕಟ್ಟುಗಳು, ಉಸಿರು ನಿಂತ ಒಂದು ಜೆರಾಕ್ಸ್ ಮೆಷಿನ್ನು. ಬೀಗದ ಕೈ ಯಾರ ಹತ್ತಿರ ಇದೆ ಅಂತ ನಾವು ಹುಡುಕುತ್ತಿದ್ದುದು ಐದು ವರ್ಷಕ್ಕೊಮ್ಮೆ, ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡು ಕೊಡುವ ನ್ಯಾಕ್ ಸಂಸ್ಥೆಯ ಪಿಯರ್ ಟೀಮ್ ಬರುವಾಗ.

ಪಿಯರ್ ಅಂದರೆ ಸರೀಕರು. ನಮ್ಮ ಹಾಗೆಯೇ ಇನ್ನೊಂದು ಕಡೆ ಪಾಠ ಮಾಡುವವರು. ಅಂಥವರು ಬಂದು ನೋಡಿ ನಾಲ್ಕು ಮಾತು ಹೇಳಲಿ ಅನ್ನುವುದು ಒಳ್ಳೆಯ ಯೋಚನೆಯೇ. ಆದರೆ ಸರೀಕರ ಮುಂದೆ ತಲೆ ತಗ್ಗಿಸಬಾರದು ಅಂತಲೂ ನಮ್ಮಲ್ಲಿ ಹೇಳುತ್ತಾರಲ್ಲ, ನಾವು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆವು.

1994ರಲ್ಲಿ ನ್ಯಾಕ್ ಶುರುವಾದಾಗ ಇದು ಕಾಲೇಜುಗಳ ಇಷ್ಟಕ್ಕೆ ಬಿಟ್ಟ ವಿಷಯ. ಬೇಕಿದ್ದರೆ ಕರೆಯಿರಿ, ಬಂದು ನೋಡುತ್ತೇವೆ ಅನ್ನುವ ಹಾಗೆ. 2012ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅದನ್ನು ಕಡ್ಡಾಯ ಮಾಡಿತು. ನಮ್ಮ ಪ್ರಿನ್ಸಿಪಾಲರು ಮಾತ್ರ ಈಗಲೂ ‘ಸ್ವಯಂಪ್ರೇರಣೆ’ ಅನ್ನುತ್ತಾರೆ. ಎಲ್ಲರೂ ಸ್ವಯಂಪ್ರೇರಣೆಯಿಂದ ಭಾನುವಾರ ಬರತಕ್ಕದ್ದು, ತಪ್ಪಿದರೆ ಮೆಮೊ.

ನಮ್ಮಲ್ಲಿಗೆ ಟೀಮ್ ಬಂದಾಗ ಅಂಕ ನಾಲ್ಕಕ್ಕೆ ಇತ್ತು. 3.51 ಮುಟ್ಟಿದರೆ ಎ ಡಬಲ್ ಪ್ಲಸ್, 3.01 ಮುಟ್ಟಿದರೆ ಎ. ‘ಅಂಕವೇ ಎಲ್ಲ ಅಲ್ಲ ಮಕ್ಕಳೇ’ ಅಂತ ಭಾಷಣ ಮಾಡುವ ನಾವು ದಶಾಂಶದ ಆಚೆಯ ಸೊನ್ನೆಗಾಗಿ ನಿದ್ದೆಗೆಟ್ಟೆವು. ಒಟ್ಟು ಏಳು ಕ್ರೈಟೀರಿಯಾ, ಅಂದರೆ ಅಳತೆಗೋಲು. ಐದನೆಯದು ವಿದ್ಯಾರ್ಥಿಗಳಿಗೆ ಕೊಡುವ ಬೆಂಬಲ. ಅದು ನನ್ನ ಪಾಲಿಗೆ ಬಂತು.

ವಿದ್ಯಾರ್ಥಿವೇತನ, ಮಾರ್ಗದರ್ಶನ, ದೂರು ಪರಿಹಾರ, ಹಳೆ ವಿದ್ಯಾರ್ಥಿಗಳ ಸಂಘ, ಎಲ್ಲಕ್ಕೂ ಫೈಲು ಬೇಕು. ಫೈಲಿಗೆ, ತೆಗೆದ ಜಾಗದ ಗುರುತು ಬೀಳುವ ಜಿಯೋಟ್ಯಾಗ್ ಫೋಟೋ ಬೇಕು. ದೂರು ಪೆಟ್ಟಿಗೆ ತೆರೆದರೆ ಒಂದೇ ಚೀಟಿ: ‘ಈ ಪೆಟ್ಟಿಗೆ ಯಾವಾಗ ತೆರೆಯುತ್ತೀರಿ?’ ಒಂದೇ ದೂರು ಇದ್ದರೆ ಅನುಮಾನ ಬರುತ್ತದೆ, ಅಲ್ವಾ? ಹಾಗಾಗಿ ಮಕ್ಕಳ ಪರವಾಗಿ ನಾವೇ ದೂರು ಬರೆದೆವು. ಏಳನೇ ಕೋಣೆಯ ಫ್ಯಾನು ತಿರುಗುತ್ತಿಲ್ಲ. ಮಾರನೇ ದಿನದ ತಾರೀಖು ಹಾಕಿ ರಿಪೇರಿಯನ್ನೂ ನಾವೇ ಮಾಡಿಸಿದೆವು. ಏಳನೇ ಕೋಣೆಗೆ ಫ್ಯಾನೇ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಈ ಗಡಿಬಿಡಿಯಲ್ಲಿ ಬಿಎ ಎರಡನೇ ವರ್ಷದ ಹುಡುಗನೊಬ್ಬ ಬಂದ. ಸ್ಕಾಲರ್‌ಶಿಪ್ ದುಡ್ಡು ಬಂದಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ತೋರಿಸುತ್ತಿದೆ, ಏನು ಮಾಡಲಿ ಸಾರ್ ಅಂದ. ನಾನು ಆಗ ‘ವಿದ್ಯಾರ್ಥಿವೇತನ ನೆರವು’ ಫೈಲಿಗೆ ಬಣ್ಣದ ಕವರ್ ಪೇಜ್ ಅಂಟಿಸುತ್ತಿದ್ದೆ. ಟೀಮ್ ಹೋಗಲಿ, ಆಮೇಲೆ ಬಾ ಅಂದೆ. ಹೊರಟ. ಮತ್ತೆ ಕರೆದೆ. ಮುಖ ಅರಳಿಸಿಕೊಂಡು ಬಂದ. ಎದುರಿನ ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆಸಿಕೊಂಡು ಕಳಿಸಿದೆ. ಅಕ್ಷಾಂಶ, ರೇಖಾಂಶ, ಸಮಯ ಸಮೇತ ಬಂತು. ನೆರವು ಎಲ್ಲಿ, ಎಷ್ಟು ಗಂಟೆಗೆ ಸಿಗಲಿಲ್ಲ ಅನ್ನೋದಕ್ಕೆ ಇದಕ್ಕಿಂತ ನಿಖರವಾದ ದಾಖಲೆ ಬೇಕಾ?

ಟೀಮ್ ಬಂದ ಎರಡು ದಿನ ನಮ್ಮಲ್ಲಿ ಪಕ್ಷದ ಹಬ್ಬ. ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಕಾಗೆ ಮುಟ್ಟುತ್ತೋ ಇಲ್ಲವೋ ಅಂತ ಹಿತ್ತಲಲ್ಲಿ ಕಾಯುತ್ತೇವಲ್ಲ, ಹಾಗೆ. ಯಾರಿಗೆ ಬೆಳ್ಳುಳ್ಳಿ ಆಗದು, ಯಾರಿಗೆ ಸಕ್ಕರೆ ಕಾಯಿಲೆ ಅಂತ ಪತ್ತೆ ಮಾಡಲು ಒಂದು ಸಮಿತಿ. ಕಾಲೇಜಿನ ಇತಿಹಾಸದಲ್ಲೇ ಅಷ್ಟು ಶ್ರದ್ಧೆಯ ಸಂಶೋಧನೆ ನಡೆದಿರಲಿಲ್ಲ. ಬಂದ ಅತಿಥಿಗಳಿಗೆ ಶಾಲು, ಹಾರ. ವರ್ಷವಿಡೀ ಅರ್ಧಕ್ಕರ್ಧ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಮಜ್ಜಿಗೆ ಬಡಿಸುವ ಕೆಲಸ.

2025ರ ಫೆಬ್ರವರಿಯಲ್ಲಿ ಸಿಬಿಐ ಒಂದು ನ್ಯಾಕ್ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಬಂಧಿಸಿತು. ಆಂಧ್ರದ ವಿದ್ಯಾಸಂಸ್ಥೆಯೊಂದಕ್ಕೆ ಎ ಡಬಲ್ ಪ್ಲಸ್ ಕೊಡಲು ಹಣ, ಚಿನ್ನ, ಮೊಬೈಲು, ಲ್ಯಾಪ್‌ಟಾಪ್ ಪಡೆದ ಆರೋಪ. ಸುದ್ದಿ ಓದಿದ ನಮ್ಮ ಸಹೋದ್ಯೋಗಿಯೊಬ್ಬರು ನಿಟ್ಟುಸಿರು ಬಿಟ್ಟರು: “ನಾವು ಸುಮ್ನೆ ಹೋಳಿಗೆಯಲ್ಲೇ ನಿಂತುಬಿಟ್ವಲ್ರೀ.”

ಎರಡನೇ ದಿನ ವಿದ್ಯಾರ್ಥಿಗಳ ಜೊತೆ ಮಾತುಕತೆ. ಆರಿಸಿದ ಇಪ್ಪತ್ತು ಮಕ್ಕಳ ನಡುವೆ ಆ ಹುಡುಗ ಹೇಗೋ ಸೇರಿಕೊಂಡಿದ್ದ. ಬೇರೆ ರಾಜ್ಯದಿಂದ ಬಂದ ಸದಸ್ಯರು ಇಂಗ್ಲಿಷಿನಲ್ಲಿ, ಬೆಂಬಲ ಕೇಂದ್ರದಿಂದ ನಿನಗೇನು ಸಿಕ್ಕಿತು ಅಂತ ಕೇಳಿದರು. ಹುಡುಗ ಕನ್ನಡದಲ್ಲಿ, “ಒಂದು ಫೋಟೋ ತೆಗೆದಿದ್ದಾರೆ ಸಾರ್” ಅಂದ. ಪ್ರಿನ್ಸಿಪಾಲರು ಅದನ್ನು ಇಂಗ್ಲಿಷಿಗೆ ತಂದರು. ಕೇಂದ್ರದ ನೆರವಿನಿಂದ ತನ್ನ ಬದುಕೇ ಬದಲಾಗಿದೆ ಅನ್ನುತ್ತಿದ್ದಾನೆ.

ಸದಸ್ಯರು ಬರೆದುಕೊಂಡರು. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. ಎದೆ ಧಸಕ್ ಅಂತು. ಮುಂದಿನ ತಿಂಗಳು ಅವರ ಕಾಲೇಜಿಗೂ ಟೀಮ್ ಬರುತ್ತದಂತೆ. ಆ ಕವರ್ ಪೇಜಿನ ಸಾಫ್ಟ್ ಕಾಪಿ ಸಿಗುತ್ತಾ ಅಂತ ಕೇಳಿದರು.

ಅವತ್ತು ರಾತ್ರಿಯೇ ಕಳಿಸಿದೆ. ದೂರಿನ ನಮೂನೆಯನ್ನೂ ಸೇರಿಸಿದ್ದೇನೆ, ಫ್ಯಾನು ಇದೆಯಾ ಅಂತ ಮೊದಲು ನೋಡಿಕೊಳ್ಳಿ ಅಂತ ಬರೆದು.