ಸತ್ಯಾಂಶ: ಕಾರಿನ ಎ.ಸಿ. ಗ್ಯಾಸ್ ವರ್ಷಕ್ಕೊಮ್ಮೆ ಖರ್ಚಾಗುವುದಿಲ್ಲ

‘ಹಳೆಯ ಕಾರಿನ ಎ.ಸಿ. ತಂಪು ಕಡಿಮೆಯಾದರೆ ಗ್ಯಾಸ್ ಖಾಲಿಯಾಗಿದೆ ಎಂದರ್ಥ. ಪ್ರತಿ ಬೇಸಿಗೆಗೆ ಮುನ್ನ ತುಂಬಿಸಿಕೊಳ್ಳಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ಇದು ತಪ್ಪು. ಈ ಅನಿಲ ಪೆಟ್ರೋಲಿನಂತೆ ಉರಿದುಹೋಗುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಹಳೆಯ ಹೋಸ್ ಮತ್ತು ಸೀಲ್‌ಗಳಿಂದ ವರ್ಷಗಳ ಅವಧಿಯಲ್ಲಿ ಅದು ಅಲ್ಪಸ್ವಲ್ಪ ಜಿನುಗುವುದು ನಿಜ. ಆದರೆ ಪ್ರತಿ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ, ಮತ್ತು ಅದನ್ನು ಮುಚ್ಚದೆ ಹಾಕಿಸಿದ ಗ್ಯಾಸ್ ಅದೇ ದಾರಿಯಲ್ಲಿ ಹೊರಹೋಗುತ್ತದೆ.

ಎಷ್ಟೋ ಸಲ ದೋಷ ಗ್ಯಾಸಿನದ್ದೇ ಆಗಿರುವುದಿಲ್ಲ. ಗಾಡಿ ಓಡುವಾಗ ತಂಪಾಗಿದ್ದು ಸಿಗ್ನಲ್‌ನಲ್ಲಿ ನಿಂತೊಡನೆ ಗಾಳಿ ಬೆಚ್ಚಗಾದರೆ, ಮೊದಲು ಕಂಡೆನ್ಸರ್ (ಗ್ಯಾಸಿನ ಬಿಸಿಯನ್ನು ಹೊರಹಾಕುವ, ಕಾರಿನ ಮುಂಭಾಗದ ಜಾಲರಿಯಂಥ ಭಾಗ) ಮುಂದೆ ಧೂಳು, ಹುಳುಗಳು ಕಟ್ಟಿಕೊಂಡಿವೆಯೇ, ಅದರ ಫ್ಯಾನ್ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಬೇಕು. ಗಾಳಿ ತಂಪಾಗಿದ್ದರೂ ರಭಸವಿಲ್ಲದಿದ್ದರೆ ಒಳಬರುವ ಗಾಳಿಯ ಧೂಳು ತಡೆಯುವ ಕ್ಯಾಬಿನ್ ಫಿಲ್ಟರ್ ಪರೀಕ್ಷಿಸಿ. ಇದು ಮನೆಯಲ್ಲೇ ಆಗುವ ಕೆಲಸ.

ಎಂಜಿನ್ ನಿಂತಿರುವಾಗ ಒತ್ತಡ ಅಳೆದು ‘ಗ್ಯಾಸ್ ಸಾಕಷ್ಟಿದೆ’ ಎನ್ನುವುದನ್ನೂ ನಂಬಬೇಡಿ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಹಲವು ಕಾರುಗಳ ಎ.ಸಿ.ಯಲ್ಲಿರುವ ಆರ್-134ಎ ಅನಿಲ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 97 ಪಿ.ಎಸ್.ಐ. ತೋರಿಸುತ್ತದೆ; ಪೂರ್ತಿ ತುಂಬಿದ್ದರೂ ಅಷ್ಟೇ. ಅಂದಾಜಿನ ಮೇಲೆ ಹೆಚ್ಚು ತುಂಬಿಸಿದರೆ ಒತ್ತಡ ಏರಿ ತಂಪು ಇನ್ನಷ್ಟು ಇಳಿಯುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ಗೂ ಹಾನಿಯಾಗಬಹುದು. ಆದ್ದರಿಂದ ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಮಾಡಿಸಿ (ಕೊಳವೆಗಳೊಳಗಿನ ಗಾಳಿ, ತೇವವನ್ನು ಪಂಪ್‌ನಿಂದ ಹೊರತೆಗೆಸಿ), ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಗಿ ಹಾಕಿಸಿಕೊಳ್ಳಿ.